ಬರಿಗೈಯಲ್ಲಿ ಹೋಗಬಾರದು

ದೇವರ ಬಳಿಗೆ, ಗುರುಗಳ ಬಳಿಗೆ, ಹಿರಿಯರ ಬಳಿಗೆ, ಹಸುಗೂಸಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಈ ನಾಲ್ಕರಲ್ಲಿ ಉಳಿದ ಮೂರರ ವಿಷಯದಲ್ಲಿ ನನಗೆ ಯಾವ ತೊಡಕೂ ಬಂದಿಲ್ಲ. ಹಿರಿಯರದೇ ಕಷ್ಟಕ್ಕೆ ಬಂದದ್ದು. ದೊಡ್ಡವರ ಬಳಿಗೆ, ಅದರಲ್ಲೂ ನಮ್ಮ ಮುಂದಿನ ಬದುಕಿಗೆ ದಾರಿಮಾಡಿ ಕೊಡಬಲ್ಲ ದೊಡ್ಡವರ ಬಳಿಗೆ, ಹೋಗುವಾಗ ಕೈಯಲ್ಲಿ ಏನಿರಬೇಕು? ಇದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಹೊರಟಿದ್ದೇನೆ. ಇದು ಉಪದೇಶವಲ್ಲ. ಇಂದೋ ನಾಳೆಯೋ ಪದವಿಯ ಕಾಗದವನ್ನು ಹಿಡಿದುಕೊಂಡು ಕೆಲಸಕ್ಕಾಗಿ ಅಲೆಯಬೇಕಾಗಿರುವ ಒಬ್ಬ ಅಂತಿಮ ಬಿ.ಎ. ವಿದ್ಯಾರ್ಥಿಯ ಅಭಿಪ್ರಾಯ, ಅಷ್ಟೆ.

ನಾನು ಪಿ.ಯು.ಸಿ. ಮುಗಿಸಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ನಮ್ಮ ಕಡೆಯ ಒಬ್ಬ ದೊಡ್ಡ ಮನುಷ್ಯರ ಮನೆಗೆ ಕರೆದುಕೊಂಡು ಹೋದ. ಅವರು ಯಾರು, ಏನು ಎಂಬುದು ಬೇಡ. ನಮಗಿರುವುದು ಹನ್ನೆರಡು ತೆಂಗಿನ ಮರ. ಅವುಗಳಿಂದ ಇಪ್ಪತ್ತು ಕಾಯಿ ಕೆಡವಿಸಿ, ಸುಲಿದು, ಚೀಲದಲ್ಲಿ ತುಂಬಿ, ಬೆಳಗಿನ ಮೊದಲನೆಯ ಬಸ್ಸಿಗೇ ಹೊರಟೆವು. ಅಲ್ಲಿ ಹೋಗಿ ನೋಡಿದರೆ ಜಗಲಿಯ ಮೇಲೆ ನಮ್ಮ ಹಾಗೆಯೇ ಮೂವತ್ತು ಜನ ಕುಳಿತಿದ್ದರು. ಒಬ್ಬೊಬ್ಬರ ಕಾಲ ಬಳಿಯಲ್ಲೂ ಒಂದೊಂದು ಚೀಲ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂಬಂತೆ ಬಾಗಿಲಲ್ಲಿದ್ದವನ ಗತ್ತು ಬೇರೆ. ಹನ್ನೊಂದೂವರೆಗೆ ನಮ್ಮ ಸರದಿ ಬಂದಿತು. ಅಪ್ಪ ಕೈಮುಗಿದು, “ಬುದ್ಧೀ, ಹುಡುಗ ಓದವ್ನೆ, ಎಲ್ಲಾದ್ರೂ ಒಂದು ದಾರಿ ತೋರಿಸ್ಬೇಕು” ಎಂದ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಏನಪ್ಪಾ, ನಿನಗೇನು ಬರುತ್ತೆ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. “ನೋಡೋಣ” ಎಂದರು. ಕಾಯಿಯ ಚೀಲ ಒಳಗೆ ಹೋಯಿತು. ನಾವು ಹೊರಗೆ ಬಂದೆವು.

ಆ ದಿನದಿಂದ ಬಹಳ ಕಾಲ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಈಗ ಯೋಚಿಸಿದರೆ ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತೆಂದು ತೋರುತ್ತದೆ. ಇಪ್ಪತ್ತು ಕಾಯಿ ಹೊತ್ತುಕೊಂಡು ಹೋಗಿದ್ದರೂ ನಾನು ಅಲ್ಲಿಗೆ ಹೋದದ್ದು ಬರಿಗೈಯಲ್ಲಿಯೇ.

ನಮ್ಮ ಹಾಸ್ಟೆಲಿನಲ್ಲಿ ರಾತ್ರಿ ಊಟವಾದ ಮೇಲೆ ಈ ವಿಷಯ ಆಗಾಗ ಚರ್ಚೆಗೆ ಬರುತ್ತದೆ. ಅಲ್ಲಿ ಎರಡು ಪಕ್ಷಗಳಿವೆ. ವಶೀಲಿ ಇಲ್ಲದೆ ಹುಲ್ಲುಕಡ್ಡಿಯೂ ಅಲುಗುವುದಿಲ್ಲ, ಆದುದರಿಂದ ಓದುವುದಕ್ಕಿಂತ ದೊಡ್ಡವರ ಮನೆಯ ದಾರಿ ಸವೆಸುವುದೇ ಜಾಣತನ ಎಂದು ಒಂದು ಪಕ್ಷ. ಯೋಗ್ಯತೆ ಇದ್ದವನಿಗೆ ಯಾರ ಹಂಗೂ ಬೇಡ, ಹೂವಿನ ಪರಿಮಳವನ್ನು ಯಾರೂ ಸಾರಬೇಕಾಗಿಲ್ಲ ಎಂದು ಇನ್ನೊಂದು ಪಕ್ಷ. ಮೊದಲನೆಯವರನ್ನು ಎಲ್ಲರೂ ಬೈಯುತ್ತಾರೆ. ಎರಡನೆಯವರಿಗೆ ಚಪ್ಪಾಳೆ ಬೀಳುತ್ತದೆ. ನನಗಾದರೋ ಇಬ್ಬರ ಮಾತೂ ಒಪ್ಪಿಗೆಯಾಗಿಲ್ಲ.

ಚಪ್ಪಾಳೆ ಬೀಳುವ ಪಕ್ಷವನ್ನೇ ಮೊದಲು ನೋಡೋಣ. ಯೋಗ್ಯತೆಯ ಮಾತು ಬಂದರೆ ಶ್ರೀನಿವಾಸ ರಾಮಾನುಜನ್ ಅವರಿಗಿಂತ ದೊಡ್ಡ ನಿದರ್ಶನ ಬೇಕೆ? 1887ರಲ್ಲಿ ಹುಟ್ಟಿದ ಈ ಮಹಾನುಭಾವರು ಗಣಿತವೊಂದನ್ನು ಬಿಟ್ಟು ಬೇರೆ ಯಾವುದನ್ನೂ ಓದಲಾರದೆ ಎಫ್.ಎ. ಪರೀಕ್ಷೆಯಲ್ಲಿ ನಪಾಸಾದವರು. ಅವರ ಪರಿಮಳ ತಾನಾಗಿಯೇ ಹರಡಲಿಲ್ಲ. 1910ರಲ್ಲಿ ಅವರು ಒಂದು ಗುಮಾಸ್ತೆ ಕೆಲಸ ಕೊಡಿಸಿರೆಂದು ಕೇಳಿಕೊಂಡು ತಿರುಕೋಯಿಲೂರಿನಲ್ಲಿದ್ದ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರಲ್ಲಿಗೆ ಹೋದರು. ಸುಮ್ಮನೆ ಯಾರೋ ಒಬ್ಬ ಅಧಿಕಾರಿಯ ಬಳಿಗಲ್ಲ; ಆ ಅಯ್ಯರ್ ಅವರು ಮೂರು ವರ್ಷಗಳ ಹಿಂದೆ, 1907ರಲ್ಲಿ, ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದವರು. ಕೈಯಲ್ಲಿ ಕೊಂಡೊಯ್ದದ್ದು ಹಣ್ಣುಕಾಯಿಯಲ್ಲ, ಸೂತ್ರಗಳನ್ನು ಬರೆದಿಟ್ಟಿದ್ದ ನೋಟ್‌ಬುಕ್ಕು. ಅಯ್ಯರ್ ಅವರು ಅದನ್ನು ನೋಡಿ, ಇಂಥ ಪ್ರತಿಭೆಯನ್ನು ರೆವಿನ್ಯೂ ಇಲಾಖೆಯ ಕೆಳಮೆಟ್ಟಿಲಿನಲ್ಲಿ ಹೂತುಹಾಕಬಾರದೆಂದು ಬಗೆದು, ಕೇಳಿದ ಕೆಲಸವನ್ನು ಕೊಡಲಿಲ್ಲ. ಬದಲಿಗೆ ಮದರಾಸಿನ ಗಣಿತಜ್ಞ ಸ್ನೇಹಿತರಿಗೆ ಕಾಗದ ಬರೆದು ಕೊಟ್ಟರು. ಅಲ್ಲಿಂದ ನೆಲ್ಲೂರಿನ ಕಲೆಕ್ಟರಾಗಿದ್ದ ಆರ್. ರಾಮಚಂದ್ರ ರಾಯರ ಪರಿಚಯವಾಯಿತು. ರಾಯರು ಕೆಲವು ಕಾಲ ತಮ್ಮ ಕೈಯಿಂದಲೇ ತಿಂಗಳಿಗೆ 25 ರೂಪಾಯಿ ಕೊಟ್ಟರು. 1912ರ ಮಾರ್ಚಿಯಲ್ಲಿ ಮದರಾಸು ಬಂದರಿನ ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ಶಾಖೆಯಲ್ಲಿ ತಿಂಗಳಿಗೆ 30 ರೂಪಾಯಿಯ ಕೆಲಸವಾಯಿತು. ಅಲ್ಲಿಯ ಮುಖ್ಯ ಲೆಕ್ಕಾಧಿಕಾರಿ ಎಸ್. ನಾರಾಯಣ ಅಯ್ಯರ್ ಅವರೂ ಗಣಿತ ಬಲ್ಲವರು; ಅವರ ಮೂಲಕ ಟ್ರಸ್ಟಿನ ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಆಸಕ್ತಿಯೂ ಈ ಗುಮಾಸ್ತೆಯ ಕಡೆಗೆ ಹರಿಯಿತು. ಆಮೇಲೆ, 1913ರ ಜನವರಿ 16ರಂದು, ಕೇಂಬ್ರಿಜ್ಜಿನ ಹಾರ್ಡಿ ಅವರಿಗೆ ಬರೆದ ಆ ಪ್ರಸಿದ್ಧ ಕಾಗದ. 1914ರಲ್ಲಿ ಹಡಗು ಹತ್ತಿದ್ದು, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದದ್ದು ಎಲ್ಲರಿಗೂ ಗೊತ್ತು.

ಈ ಕಥೆಯನ್ನು ಹೇಳುವಾಗ ನಮ್ಮವರು ಸಾಮಾನ್ಯವಾಗಿ ಗುಮಾಸ್ತೆಯಿಂದ ನೇರವಾಗಿ ಕೇಂಬ್ರಿಜ್ಜಿಗೆ ಹಾರುತ್ತಾರೆ. ನಡುವೆ ನಿಂತಿದ್ದ ಆ ನಾಲ್ಕೈದು ಜನರನ್ನು ಮರೆತುಬಿಡುತ್ತಾರೆ. ಅವರು ಮಾಡಿದ ಕೆಲಸವೇನೆಂದು ನೋಡಿದರೆ ನನಗೆ ತುಂಬ ಸಂತೋಷವಾಗುತ್ತದೆ. ರಾಮಾನುಜನ್ ಅವರ ಗಣಿತವೆಲ್ಲ ಅವರಿಗೆ ಅರ್ಥವಾಗಿತ್ತೆಂದಲ್ಲ. ಇದು ತನಗೆ ಮೀರಿದ್ದು, ಇದನ್ನು ತನಗಿಂತ ಬಲ್ಲವರೊಬ್ಬರು ನೋಡಬೇಕು ಎಂಬಷ್ಟು ಪ್ರತಿಯೊಬ್ಬರಿಗೂ ತಿಳಿದಿತ್ತು. ಹಾಗೆ ತಿಳಿದ ಹಿರಿಯರು ಕೈಯಿಂದ ಕೈಗೆ ದೀಪ ದಾಟಿಸುವಂತೆ ಆ ಹುಡುಗನನ್ನು ಮುಂದಕ್ಕೆ ದಾಟಿಸಿದರು. ಇದನ್ನು ವಶೀಲಿ ಎನ್ನಲು ನನಗೆ ನಾಲಿಗೆ ಬಾರದು.

ಕೊಂಡೊಯ್ದ ವಸ್ತುವನ್ನು ಹಿರಿಯರು ಮೆಚ್ಚಲೇಬೇಕೆಂಬ ನಿಯಮವೂ ಇಲ್ಲ. ಮೈಸೂರಿನಲ್ಲಿ ಓದುತ್ತಿದ್ದ ಪುಟ್ಟಪ್ಪನವರು 1924ರಲ್ಲಿ ತಮ್ಮ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಐರಿಷ್ ಕವಿ ಜೇಮ್ಸ್ ಕಸಿನ್ಸರನ್ನು ಕಾಣಲು ಹೋದದ್ದನ್ನು ನಮ್ಮ ಕನ್ನಡ ಅಧ್ಯಾಪಕರು ಪ್ರತಿವರ್ಷವೂ ಹೇಳುತ್ತಾರೆ. ಅದಕ್ಕೆ ಎರಡು ವರ್ಷ ಮೊದಲೇ ಇಂಗ್ಲಿಷಿನಲ್ಲಿ ಒಂದು ಪುಟ್ಟ ಕವನಸಂಕಲನ ಅಚ್ಚಾಗಿದ್ದ ತರುಣ ಅವರು. ಹೊಗಳಿಕೆಯನ್ನು ನಿರೀಕ್ಷಿಸಿ ಹೋದವರಿಗೆ ಸಿಕ್ಕಿದ್ದು, ನಿನ್ನ ತಾಯ್ನುಡಿಯಲ್ಲಿ ಬರೆ ಎಂಬ ಮಾತು. ಅದೊಂದು ಭೇಟಿಯಿಂದ ಕನ್ನಡಕ್ಕಾದ ಲಾಭವನ್ನು ನಾನು ಇಲ್ಲಿ ಲೆಕ್ಕ ಹಾಕಬೇಕಾಗಿಲ್ಲ. ಕಸಿನ್ಸರು ಸೌಜನ್ಯಕ್ಕೆಂದು “ಚೆನ್ನಾಗಿದೆ” ಎಂದು ಹೇಳಿ ಕಳುಹಿಸಿಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಮಾತ್ರ ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತದೆ.

“ಅವರೆಲ್ಲ ಮಹಾತ್ಮರಪ್ಪ, ನಮ್ಮಂಥ ಯಃಕಶ್ಚಿತ್ ವಿದ್ಯಾರ್ಥಿಗಳ ಮಾತೇನು?” ಎಂದು ನನ್ನ ಕೋಣೆಯ ಗೆಳೆಯ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ನಮ್ಮ ನೋಟ್‌ಬುಕ್ಕಿನಲ್ಲಿರುವುದು ಗೈಡಿನಿಂದ ಇಳಿಸಿಕೊಂಡ ಟಿಪ್ಪಣಿ. ಅದನ್ನು ನೋಡಿ ಯಾವ ಕಲೆಕ್ಟರೂ ತಿಂಗಳ ವೇತನ ಕೊಡುವುದಿಲ್ಲ.

ಸಾಮಾನ್ಯರ ವಿಷಯದಲ್ಲಿ ಇದು ಹೇಗೆ ನಡೆಯುತ್ತದೆಂಬುದನ್ನು ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಬಾಸ್ಟನ್ನಿನ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಹೊಸದಾಗಿ ಕೆಲಸ ಬದಲಾಯಿಸಿದ್ದ 282 ಮಂದಿ ಉದ್ಯೋಗಸ್ಥರನ್ನು ಅವರು ವಿಚಾರಿಸಿದರು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕೆಲಸದ ಸುಳಿವು ಸಿಕ್ಕಿದ್ದು ಪರಿಚಯದವರಿಂದ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಮೆರಿಕವೂ ನಮ್ಮ ತಾಲ್ಲೂಕಿನಂತೆಯೇ ಎಂದು ಸಮಾಧಾನಪಡಬಹುದು. ಆಶ್ಚರ್ಯ ಮುಂದಿದೆ. ಆ ಪರಿಚಯದವರನ್ನು ವಾರಕ್ಕೆರಡು ಸಲವಾದರೂ ಕಾಣುತ್ತಿದ್ದೆವು ಎಂದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರೆಲ್ಲ ಅಪರೂಪಕ್ಕೆ ಕಾಣುವವರು; ಕೆಲವರಂತೂ ವರ್ಷಕ್ಕೊಮ್ಮೆಯೂ ಕಾಣದವರು. 1973ರಲ್ಲಿ ಈ ವಿದ್ವಾಂಸರು ಬರೆದ ಲೇಖನಕ್ಕೆ ದುರ್ಬಲ ನಂಟುಗಳ ಬಲ ಎಂಬ ಅರ್ಥದ ಹೆಸರಿದೆ. ಕಾರಣವೂ ಸರಳ. ದಿನಾ ಜೊತೆಗಿರುವವರಿಗೆ ನಮಗೆ ಗೊತ್ತಿರುವಷ್ಟೇ ಗೊತ್ತು. ದೂರದವರಿಗೆ ನಾವು ಕಾಣದ ಊರಿನ ಸುದ್ದಿ ಗೊತ್ತು.

ಹಾಗಾದರೆ ದಿನಬೆಳಗಾದರೆ ಸಾಹೇಬರ ಫೋನಿಗೆ ಗುಲಾಬಿ ಹೂವಿನ ಚಿತ್ರದೊಡನೆ ಶುಭೋದಯ ಕಳುಹಿಸುವವರ ಶ್ರಮವೆಲ್ಲ ವ್ಯರ್ಥವೆ? ನನ್ನ ದೊಡ್ಡಪ್ಪನ ಮಗ ಒಂದು ಕಚೇರಿಯಲ್ಲಿ ಎರಡನೆಯ ದರ್ಜೆಯ ಗುಮಾಸ್ತೆ. ಮೇಲಧಿಕಾರಿಗಳ ಮನೆಗೆ ತರಕಾರಿ ಚೀಲ ಹೊರುವ ಸಹೋದ್ಯೋಗಿಯೊಬ್ಬನ ಕಥೆಯನ್ನು ಅವನು ಹೇಳುತ್ತಿರುತ್ತಾನೆ. ಆ ಅಧಿಕಾರಿಗೆ ವರ್ಗವಾದ ದಿನ ಚೀಲ ಹೊತ್ತವನ ಮುಖ ನೋಡಬೇಕಿತ್ತಂತೆ. ಮೂರು ವರ್ಷದ ತರಕಾರಿ ಒಂದೇ ದಿನದಲ್ಲಿ ಬಾಡಿಹೋಯಿತು.

ಆದರೆ ಇಷ್ಟು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ದೂರದ ನಂಟಾದರೂ ನಂಟೇ ತಾನೆ? ಅದು ಎಲ್ಲರಿಗೂ ಒಂದೇ ಸಮನಾಗಿ ಇರುತ್ತದೆಯೆ? ಕೆಲವರ ಮನೆಯಲ್ಲಿ ಚಿಕ್ಕಪ್ಪ ಅಧಿಕಾರಿ, ಸೋದರಮಾವ ವಕೀಲ, ಅತ್ತೆ ಪ್ರೊಫೆಸರು. ಆ ಮನೆಯ ಹುಡುಗ ಹಬ್ಬದ ಊಟಕ್ಕೆ ಕುಳಿತರೆ ಸಾಕು, ಯಾವ ಪರೀಕ್ಷೆ ಯಾವಾಗ, ಯಾವ ವಿಷಯ ಓದಿದರೆ ಮುಂದೇನು ಎಂಬುದು ಸಾರಿನ ಜೊತೆಗೇ ಎಲೆಗೆ ಬೀಳುತ್ತದೆ. ಅದನ್ನು ಯಾರೂ ವಶೀಲಿ ಎನ್ನುವುದಿಲ್ಲ, ಸಂಸ್ಕಾರ ಎನ್ನುತ್ತಾರೆ. ನಮ್ಮ ಸರ್ಕಾರಿ ಕಾಲೇಜಿನಲ್ಲಿ ಕುಳಿತಿರುವವರಲ್ಲಿ ಬಹುಮಂದಿ ತಮ್ಮ ವಂಶದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ನಮ್ಮ ಮನೆಯವರಂತೂ ತಲೆಮಾರುಗಳಿಂದ ಊರ ಕೆರೆಯ ತೂಬು ಕಾಯುತ್ತಿದ್ದ ನೀರ್ಗಂಟಿಗಳು. ಪರರ ಗದ್ದೆಗೆ ನೀರು ಬಿಟ್ಟು ಗೊತ್ತೇ ಹೊರತು ನಮಗಾಗಿ ತೂಬು ಎತ್ತುವವರು ಯಾರೂ ಇರಲಿಲ್ಲ. ಇಂಥವರಿಗೆ “ಯಾರ ಹಂಗೂ ಬೇಡ, ಸುಮ್ಮನೆ ಓದು” ಎಂದು ಹೇಳುವುದು, ಹೊಟ್ಟೆ ತುಂಬಿದವನು ಉಪವಾಸದ ಮಹಿಮೆಯನ್ನು ಹೊಗಳಿದಂತೆ. ಅಪ್ಪ ಕಾಯಿಯ ಚೀಲ ಹೊತ್ತದ್ದರಲ್ಲಿ ತಪ್ಪಿಲ್ಲ. ಅವನಿಗೆ ಗೊತ್ತಿದ್ದ ಬಾಗಿಲು ಅದೊಂದೇ.

ನನಗೆ ಇನ್ನೊಂದು ಬಾಗಿಲು ಗೊತ್ತಾದದ್ದು ಆಕಸ್ಮಿಕವಾಗಿ. ಎರಡು ವರ್ಷದ ಹಿಂದೆ ನಮ್ಮ ಇತಿಹಾಸ ಸಂಘದಲ್ಲಿ ನಾನು ಊರ ಕೆರೆ ಮತ್ತು ನೀರ್ಗಂಟಿಗಳನ್ನು ಕುರಿತು ಒಂದು ಪ್ರಬಂಧ ಓದಿದೆ. ಆ ದಿನದ ಅತಿಥಿಗಳು ಒಬ್ಬ ನಿವೃತ್ತ ತಹಸೀಲ್ದಾರರು. ನೀರ್ಗಂಟಿ ಇನಾಮು ಸ್ವಾತಂತ್ರ್ಯ ಬಂದೊಡನೆಯೇ ರದ್ದಾಯಿತೆಂದು ನಾನು ಧೈರ್ಯವಾಗಿ ಬರೆದಿದ್ದೆ. ಸಭೆಯಲ್ಲಿ ಅವರು ಏನೂ ಅನ್ನಲಿಲ್ಲ. ಮುಗಿದ ಮೇಲೆ ಹತ್ತಿರ ಕರೆದು, “ನಿನ್ನ ವಿಳಾಸ ಬರೆದುಕೊಡು” ಎಂದರು. ವಾರದೊಳಗೆ ಒಂದು ಕಾರ್ಡು ಬಂದಿತು. ಗ್ರಾಮಾಧಿಕಾರಗಳನ್ನು ರದ್ದು ಮಾಡಿದ ಕಾಯಿದೆ 1961ರದು. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಆ ಕಾಯಿದೆಯಂತೆ ಸರ್ಕಾರ ಇನಾಮು ಜಮೀನನ್ನು ವಾಪಸು ತೆಗೆದುಕೊಂಡು ಹಿಡುವಳಿದಾರರಿಗೇ ಮರುಮಂಜೂರು ಮಾಡುವ ಏರ್ಪಾಡಿತ್ತು. ತಿದ್ದಿಕೊಂಡು ಮತ್ತೆ ಕಳುಹಿಸು, ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದರು. ನಮ್ಮ ಹನ್ನೆರಡು ತೆಂಗಿನ ಮರ ನಿಂತಿರುವ ನೆಲ ನಮ್ಮದು ಹೇಗಾಯಿತೆಂಬುದು ನನಗೆ ತಿಳಿದದ್ದು ಆ ಕಾರ್ಡಿನಿಂದ.

ತಿದ್ದಿ ಕಳುಹಿಸಿದೆ. ಮತ್ತೆ ತಪ್ಪು ಬಂದಿತು, ಮತ್ತೆ ಕಾರ್ಡು ಬಂದಿತು. ಕಡೆಗೆ ಅವರ ಮನೆಗೇ ಹೋಗತೊಡಗಿದೆ. ತಿಂಗಳಿಗೊಮ್ಮೆ, ಭಾನುವಾರ, ಒಂದು ಗಂಟೆ. ಅದಕ್ಕಿಂತ ಹೆಚ್ಚು ಕುಳಿತರೆ ಅವರೇ ಎದ್ದುನಿಂತುಬಿಡುತ್ತಾರೆ. ಅಮ್ಮ ಕೊಟ್ಟು ಕಳುಹಿಸಿದ ಕಾಯಿಯನ್ನು ಬೇಡವೆನ್ನುವುದಿಲ್ಲ. ಆದರೆ ಹೊರಡುವಾಗ ಸಂತೆಯ ಧಾರಣೆ ಕೇಳಿ ಲೆಕ್ಕ ಹಾಕಿ ದುಡ್ಡನ್ನು ಕೈಗೆ ಹಾಕುತ್ತಾರೆ. ಮೊದಲ ಸಲ ನನಗೆ ಅವಮಾನವಾದಂತಾಗಿತ್ತು.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಕಳೆದ ವರ್ಷ ಒಂದು ಕಚೇರಿಯಲ್ಲಿ ತಾತ್ಕಾಲಿಕ ಹುದ್ದೆಗೆ ಅರ್ಜಿ ಕರೆದರು. ಅಲ್ಲಿಯ ಮುಖ್ಯಸ್ಥರು ಹಿಂದೆ ನಮ್ಮ ತಹಸೀಲ್ದಾರರ ಕೈಕೆಳಗೆ ಕೆಲಸ ಮಾಡಿದವರೆಂದು ನನಗೆ ಗೊತ್ತಾಯಿತು. ಆ ಭಾನುವಾರ ನಾನು ಪ್ರಬಂಧವನ್ನು ಒಯ್ಯಲಿಲ್ಲ. ಹತ್ತು ನಿಮಿಷ ಅದೂ ಇದೂ ಮಾತನಾಡಿ, “ಸಾರ್, ಒಂದು ಫೋನ್ ಮಾಡಿ ಹೇಳಿದರೆ...” ಎಂದೆ. ಆನೆಯ ಮೇಲೆ ಹೋಗುವವನನ್ನು ಸುಣ್ಣ ಕೇಳಿದಂತಾಯಿತು. ಅವರು ಕನ್ನಡಕ ತೆಗೆದು ಒರೆಸಿದರು. “ನಾನಾಗಿ ಫೋನ್ ಮಾಡುವುದಿಲ್ಲ. ಅರ್ಜಿಯಲ್ಲಿ ಬಲ್ಲವರ ಹೆಸರು ಕೊಡುವ ಕಡೆ ನನ್ನ ಹೆಸರು ಬರೆ. ಅವರು ಕೇಳಿದರೆ ನಿಜ ಹೇಳುತ್ತೇನೆ” ಎಂದರು. ಅಷ್ಟೇ. ಆ ದಿನ ಇನ್ನೂ ಅರ್ಧ ಗಂಟೆ ಉಳಿದಿದ್ದರೂ ಇಬ್ಬರಿಗೂ ಮಾತು ಹುಟ್ಟಲಿಲ್ಲ.

ಮುಖ್ಯಸ್ಥರು ನಿಜವಾಗಿಯೂ ಕೇಳಿದರಂತೆ. ಇವರು ಹೇಳಿದ ನಿಜವೇನು? “ಹುಡುಗ ಶ್ರಮಪಡುತ್ತಾನೆ, ಒಮ್ಮೆ ಹೇಳಿದ್ದನ್ನು ಮರೆಯುವುದಿಲ್ಲ, ಆದರೆ ಇಸವಿಗಳನ್ನು ನೀವು ಇನ್ನೊಮ್ಮೆ ನೋಡಿಕೊಳ್ಳಬೇಕು.” ಇದನ್ನು ಅವರೇ ನನಗೆ ಹೇಳಿದರು, ಸ್ವಲ್ಪವೂ ಸಂಕೋಚವಿಲ್ಲದೆ! ಆ ಕೆಲಸ ನನಗೆ ಸಿಕ್ಕಲಿಲ್ಲ. ಸಿಕ್ಕಿದವನು ನನಗಿಂತ ಯೋಗ್ಯನೇ ಇರಬೇಕು. ಹಾಗಲ್ಲವೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಆರು ತಿಂಗಳಾದ ಮೇಲೆ ಅದೇ ಮುಖ್ಯಸ್ಥರಿಂದ ಕರೆ ಬಂದಿತು. ಹಳೆಯ ರಿಜಿಸ್ಟರುಗಳ ಪಟ್ಟಿ ಮಾಡಬೇಕಾಗಿದೆ, ರಜದಲ್ಲಿ ಬರುತ್ತೀಯಾ ಎಂದರು. ಎರಡು ತಿಂಗಳು ದಿನಗೂಲಿಯ ಮೇಲೆ ಧೂಳು ಕುಡಿದು ಬಂದೆ. ಅದರಿಂದ ಕಾಯಂ ಕೆಲಸವೇನೂ ಆಗಲಿಲ್ಲ. ಆದರೆ ಇಂದು ಯಾರಾದರೂ “ನಿನಗೇನು ಬರುತ್ತೆ?” ಎಂದು ಕೇಳಿದರೆ ಮೋಡಿ ಅಕ್ಷರ ಬಾರದಿದ್ದರೂ ಹಳೆಯ ಇನಾಮು ರಿಜಿಸ್ಟರನ್ನು ಓದಬಲ್ಲೆನೆಂದು ಹೇಳಬಲ್ಲೆ.

ಕೇಳದಿದ್ದರೂ ಹೋಗಿ ಕಿವಿಯಲ್ಲಿ ಹೇಳುವ ಮಾತು ವಶೀಲಿ. ಕೇಳಿದಾಗ ಕಂಡದ್ದನ್ನು ಕಂಡಂತೆ ಹೇಳುವ ಮಾತು ಸಾಕ್ಷಿ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ನಾನು ತಿಳಿದದ್ದು ಆ ಕನ್ನಡಕ ಒರೆಸಿದ ಗಳಿಗೆಯಲ್ಲಿ. ಕಾನೂನು ಇದನ್ನು ಮೊದಲೇ ಬಲ್ಲದು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ, ತನ್ನ ನೌಕರಿಯ ವಿಷಯದಲ್ಲಿ ಮೇಲಧಿಕಾರಿಗಳ ಮೇಲೆ ರಾಜಕೀಯ ಪ್ರಭಾವವನ್ನಾಗಲಿ ಹೊರಗಿನವರ ಪ್ರಭಾವವನ್ನಾಗಲಿ ತರಬಾರದೆಂದು ಸ್ಪಷ್ಟವಾಗಿ ಬರೆದಿದೆ. 2016ರ ಜನವರಿಯಿಂದ ಕೇಂದ್ರದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದರು. ದೊಡ್ಡ ಹುದ್ದೆಗಳ ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲೂ 2025 ಅಂಕಗಳಲ್ಲಿ ಸಂದರ್ಶನಕ್ಕಿರುವುದು 275. ಆದುದರಿಂದ ಎಲ್ಲವೂ ವಶೀಲಿಯೆಂದು ನಿಟ್ಟುಸಿರು ಬಿಡುವ ಹಾಸ್ಟೆಲ್ ಮಿತ್ರರು ಉಳಿದ 1750ರ ಕಡೆಗೂ ಸ್ವಲ್ಪ ದೃಷ್ಟಿ ಹಾಯಿಸಬೇಕು.

ಹಿರಿಯರ ಕಡೆಯಿಂದಲೂ ನೋಡಬೇಕಲ್ಲವೆ? ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನಗಿರಿಯನ್ನು ಒಪ್ಪಿಕೊಳ್ಳುವ ಮುನ್ನ ಬಂಧುಗಳನ್ನು ಕರೆಸಿ, ಯಾರೂ ತಮ್ಮಿಂದ ಸಹಾಯ ಕೇಳಕೂಡದೆಂದು ಮಾತು ತೆಗೆದುಕೊಂಡರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ದೊಡ್ಡ ಮನಸ್ಸು, ನಿಜ. ಆದರೆ ಬಾಗಿಲು ಮುಚ್ಚಿಕೊಳ್ಳುವುದೊಂದೇ ಹಿರಿಯರ ಧರ್ಮವಾದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು? ಇಲ್ಲಿ ನಮ್ಮ ಗುರುವರ್ಯರಲ್ಲಿ ಒಂದು ಬಿನ್ನಹ. ಅಪಚಾರವೆಂದು ಭಾವಿಸಬಾರದು. ಪ್ರತಿವರ್ಷ ನಮ್ಮೆಲ್ಲರಿಗೂ ಒಂದೇ ಅಚ್ಚಿನ ನಡತೆಯ ಪ್ರಮಾಣಪತ್ರ ಸಿಗುತ್ತದೆ. ನಾವು ಬಲ್ಲಂತೆ ಈ ವಿದ್ಯಾರ್ಥಿಯ ನಡತೆ ತೃಪ್ತಿಕರ, ಎಂದು. ಪರೀಕ್ಷೆಯಲ್ಲಿ ನಕಲು ಮಾಡಿದವನಿಗೂ ಅದೇ, ಗ್ರಂಥಾಲಯದ ದೀಪ ಆರಿಸುವವರೆಗೆ ಕುಳಿತವನಿಗೂ ಅದೇ. ಅದರ ಕೆಳಗೆ ಕೈಬರಹದಲ್ಲಿ ಒಂದೇ ಒಂದು ಸಾಲು, ನಿಜವಾದ ಸಾಲು, ಸೇರಿಸಬಾರದೆ? “ಇಸವಿಗಳನ್ನು ನೋಡಿಕೊಳ್ಳಬೇಕು” ಎಂದೇ ಬರೆಯಲಿ. ಇನ್ನೊಂದು: ಸಂಘಗಳಿಗೆ ಅತಿಥಿಗಳು ಬಂದಾಗ ಹಾರ, ವಂದನಾರ್ಪಣೆ, ಉಪ್ಪಿಟ್ಟು ಆದೊಡನೆ ಅವರನ್ನು ಕಾರಿಗೆ ಹತ್ತಿಸಿಬಿಡುತ್ತೇವೆ. ಅರ್ಧ ಗಂಟೆ ಅವರನ್ನು ವಿದ್ಯಾರ್ಥಿಗಳ ನಡುವೆ ಕೂರಿಸಿ, ಏನಾದರೂ ಬರೆದಿರುವವರು ತೋರಿಸಲಿ. ನನಗೆ ಆ ತಹಸೀಲ್ದಾರರು ಸಿಕ್ಕಿದ್ದು ಅಂದು ಅವರ ಕಾರು ತಡವಾಗಿ ಬಂದದ್ದರಿಂದ. ಎಲ್ಲರ ಅದೃಷ್ಟಕ್ಕೂ ಕಾರು ತಡವಾಗುವುದಿಲ್ಲ.

ಬರುವ ಭಾನುವಾರ ಅವರ ಮನೆಗೆ ಹೋಗಬೇಕಾಗಿದೆ. ಫೋನಿನ ಮಾತಾದ ಮೇಲೆ ಮೂರು ತಿಂಗಳು ನಾನು ಆ ಕಡೆ ಸುಳಿದಿರಲಿಲ್ಲ, ನಾಚಿಕೆ. ಕಡೆಗೆ ಅವರಿಂದಲೇ ಕಾರ್ಡು ಬಂದಿತ್ತು, ತೂಬಿನ ಅಧ್ಯಾಯ ಎಲ್ಲಿಗೆ ಬಂತು ಎಂದು. ಈಗ ಅದು ಮುಗಿದಿದೆ. ಇಸವಿಗಳನ್ನೆಲ್ಲ ಎರಡೆರಡು ಸಲ ನೋಡಿದ್ದೇನೆ. ಅಮ್ಮ ಆಗಲೇ ನಾಲ್ಕು ಕಾಯಿ ಸುಲಿದಿಟ್ಟಿದ್ದಾಳೆ. ಅವನ್ನೂ ಒಯ್ಯುತ್ತೇನೆ. ಈ ವಾರ ಧಾರಣೆ ಏರಿದೆ; ಅದನ್ನು ಅವರಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.